ತಲೆ ತಿರುಗೋದು ಅಂದ್ರೆ ಯಾವ ಥರ?

ಸೋದರಿಯರೇ, ಬುದ್ಧಿಹಲ್ಲು ಕೀಳಿಸಿಕೊಂಡರೆ ನಾಲ್ಕು ದಿನ ಗಲ್ಲ ಬಾತುಕೊಳ್ಳುವುದು, ಗಂಜಿ ಕುಡಿದುಕೊಂಡಿರುವುದು ನಿಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿದ್ದದ್ದೇ. ಆದರೆ ಗಾಯ ಮಾಗಿದ ಮೇಲೂ ತಲೆನೋವು, ತಲೆಸುತ್ತು ಬಿಡದೇ ಇದ್ದರೆ?

2023ರ ಡಿಸೆಂಬರಿನಲ್ಲಿ ನನಗೆ ಕೆಳದವಡೆಯ ಬುದ್ಧಿಹಲ್ಲು ತೆಗೆಸಬೇಕಾಯಿತು. ಅಡ್ಡ ಬೆಳೆದ ಹಲ್ಲು. ಮುಕ್ಕಾಲು ಗಂಟೆ ಬಾಯಿ ತೆರೆದುಕೊಂಡು, ತಲೆ ಹಿಂದಕ್ಕೆ ಚಾಚಿ ಕುರ್ಚಿಯಲ್ಲಿ ಮಲಗಿದ್ದೆ. ವಾರದಲ್ಲಿ ಬಾವು ಇಳಿಯಿತು. ಆದರೆ ಕಿವಿಯ ಮುಂದಿನಿಂದ ಹಣೆಯ ಪಕ್ಕದವರೆಗೆ ನೋವು ನಿಂತೇ ಬಿಟ್ಟಿತು. ನಸುಕಿನಲ್ಲಿ ಬಲಮಗ್ಗುಲಿಗೆ ಹೊರಳಿದರೆ ಸಾಕು, ಮಾಳಿಗೆಯ ಜಂತಿಗಳು ಗಿರಗಿರ ತಿರುಗುತ್ತಿದ್ದವು.

“ಹಲ್ಲಿನ ಸಂಗಟ ನರಾ ಕಿತ್ತು ಬಂದದ ನೋಡವ್ವ, ಅದು ಕಣ್ಣಿಗಿ ಹೋಗೋ ನರಾ” ಎಂದರು ಅತ್ತೆಯವರು. “ಬುದ್ಧಿಹಲ್ಲೇ ಹೋಯ್ತು, ಇನ್ನ ಬುದ್ಧಿ ಎಲ್ಲಿಂದ ಬರಬೇಕು” ಎಂದು ನಮ್ಮ ಮನೆಯವರು ನಗೆಯಾಡಿದರು. ನನಗೆ ನಗು ಬರಲಿಲ್ಲ. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಭಜ್ಜಿ, ರೊಟ್ಟಿಯ ಬುಟ್ಟಿ ಹೊತ್ತು ಹೊಲದ ಬದುವಿನ ಮೇಲೆ ನಡೆಯುವಾಗ ಬಿದ್ದರೆ? ಉರಿಯುವ ಒಲೆಯ ಮುಂದೆ ಬಿದ್ದರೆ?

ಹುಮನಾಬಾದಿಗೆ ಹೋಗಿ ಡಾಕ್ಟರಿಗೆ “ಚಕ್ಕರ್ ಬರ್ತದರಿ” ಅಂದೆ. ಅವರು ತಕ್ಷಣ ಗುಳಿಗೆ ಬರೆಯಲಿಲ್ಲ. “ಯಾವಾಗ ಬರ್ತದಮ್ಮ? ಎದ್ದು ನಿಂತಾಗೋ, ಹಾಸಿಗೆಯಲ್ಲಿ ಹೊರಳಿದಾಗೋ? ಎಷ್ಟು ಹೊತ್ತು ಇರ್ತದ?” ಎಂದು ಕೇಳಿದರು.

ನೋಡಿ, ನಮ್ಮ ಘಾಟಬೋರಾಳದ ಕಡೆ ಎಲ್ಲದಕ್ಕೂ ಚಕ್ಕರ್ ಎನ್ನುವುದು ಒಂದೇ ಮಾತು. ಆದರೆ ಅದರಲ್ಲಿ ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬಂದರೆ ಊಟ, ನೀರು ಸಾಲದ್ದು, ರಕ್ತ ಕಡಿಮೆ ಇರುವುದು ಇಲ್ಲವೇ ರಕ್ತದೊತ್ತಡ ಇಳಿದದ್ದು ಕಾರಣ ಇರಬಹುದು. ಹಲ್ಲು ಕಿತ್ತ ಮೇಲೆ ಕೊಡುವ ಮೆಟ್ರೊನಿಡಜೋಲ್ ಗುಳಿಗೆಯಿಂದಲೂ ಕೆಲವರಿಗೆ ತಲೆ ಸುತ್ತುತ್ತದೆ, ಬಾಯಿ ಕಹಿಯಾಗುತ್ತದೆ. ಮಗ್ಗುಲು ಬದಲಿಸಿದಾಗ ಒಂದು ನಿಮಿಷದೊಳಗೆ ಮನೆಯೇ ತಿರುಗಿ ನಿಂತಂತಾದರೆ, ಅದು ಹೆಚ್ಚಾಗಿ ಕಿವಿಯದು.

ನನ್ನದು ಕಿವಿಯದೇ. ಒಳಗಿವಿಯಲ್ಲಿ ಸುಣ್ಣದ ಸಣ್ಣ ಸಣ್ಣ ಹರಳುಗಳಿರುತ್ತವೆ. ತಲೆ ಹಿಂದಕ್ಕೆ ಬಾಗಿಸಿ ಬಹಳ ಹೊತ್ತು ಮಲಗಿದಾಗ, ಹಲ್ಲಿನ ಯಂತ್ರದ ನಡುಕಕ್ಕೆ, ಒಮ್ಮೊಮ್ಮೆ ಅವು ಜಾಗ ಬಿಟ್ಟು ಸರಿಯುತ್ತವೆ. ಬೀದರಿನಲ್ಲಿ ಕಿವಿ ಡಾಕ್ಟರು ನನ್ನ ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿ ಅವನ್ನು ಸ್ವಸ್ಥಾನಕ್ಕೆ ಕಳಿಸಿದರು. ಎಪ್ಲಿ ವಿಧಾನ ಎಂದು ಅದಕ್ಕೆ ಹೆಸರು. ಎರಡು ಸಲಕ್ಕೆ ತಿರುಗುವುದು ನಿಂತಿತು. ಯಾವ ಕಿವಿ ಎಂದು ಡಾಕ್ಟರು ಗುರುತಿಸದೆ ಮನೆಯಲ್ಲಿ ಮಾಡಿಕೊಳ್ಳುವಂಥದ್ದಲ್ಲ ಇದು.

ತಲೆನೋವಿನ ಕಾರಣ ಬೇರೆ. ಬಹಳ ಹೊತ್ತು ತೆರೆದಿದ್ದ ದವಡೆಯ ಕೀಲು, ಸ್ನಾಯು ಬಿಗಿದುಕೊಂಡಿದ್ದವು. ಬಿಸಿನೀರಿನ ಬಟ್ಟೆಯ ಕಾವು, ಮೆತ್ತನೆಯ ಊಟ, ಡಾಕ್ಟರು ಹೇಳಿದ ದವಡೆಯ ವ್ಯಾಯಾಮ ಇವುಗಳಿಂದ ಮೂರು ವಾರದಲ್ಲಿ ಕಡಿಮೆಯಾಯಿತು. ನೋವಿನ ಗುಳಿಗೆಯನ್ನು ದಿನಾ ನುಂಗುತ್ತ ಹೋದರೆ ಅದರಿಂದಲೇ ತಲೆನೋವು ಬರುತ್ತದೆ, ಜೋಕೆ.

ಅತ್ತೆಯವರ ನರದ ಮಾತಿಗೂ ಉತ್ತರ ಸಿಕ್ಕಿತು. ಕೆಳಗಿನ ಬುದ್ಧಿಹಲ್ಲಿನ ಹತ್ತಿರ ಹಾಯುವ ನರ ತುಟಿ, ಗದ್ದಕ್ಕೆ ಹೋಗುವಂಥದು. ಅದಕ್ಕೆ ಪೆಟ್ಟಾದರೆ ಅಲ್ಲಿ ಜೋಮು ಹಿಡಿಯುತ್ತದೆ, ಕಣ್ಣಿಗೆ ಏನೂ ಆಗುವುದಿಲ್ಲ.

ಆದರೆ ಜ್ವರ, ನುಂಗಲಾಗದಂಥ ಬಾವು, ಮಾತು ತೊದಲುವುದು, ಒಂದು ಎರಡಾಗಿ ಕಾಣುವುದು, ಕೈಕಾಲು ಸೋಲುವುದು ಇದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.

ಇನ್ನು ಸೋದರಿಯರೇ, ತಲೆ ಸುತ್ತಿದರೆ “ಮನೆಗೆಲಸದ ಆಯಾಸ” ಎಂದು ನುಂಗಿಕೊಳ್ಳಬೇಡಿ. ಯಾವಾಗ ಬಂತು, ಏನು ಮಾಡುವಾಗ ಬಂತು, ಎಷ್ಟು ಹೊತ್ತು ಇತ್ತು ಎಂದು ಕ್ಯಾಲೆಂಡರಿನ ಮೇಲೆ ಬರೆದಿಡಿ. ಹಾಲಿನ ಲೆಕ್ಕ ಬರೆಯುವ ನಮಗೆ ಇದೇನು ಕಷ್ಟವೇ?