ಬಿಗಿಯದೆ ಬಿಟ್ಟ ಎರಡು ನಟ್ಟು

ಕಳೆದ ಅಕ್ಟೋಬರ್ ರಜೆಯಲ್ಲಿ ನಾನು ಮತ್ತು ಅಬ್ಬಾ ಸೇರಿ ನಮ್ಮ ಹಳೆಯ ಜಿಪ್ಸಿಯ ಮುಂದಿನ ಸ್ಪ್ರಿಂಗ್‌ಗಳನ್ನು ಕುಮಟಾದ ಮನೆಯ ಅಂಗಳದಲ್ಲೇ ಬದಲಿಸಿದೆವು.

ಜಿಪ್ಸಿ 1985ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಫೋರ್ ವೀಲ್ ಡ್ರೈವ್ ಗಾಡಿ. ಅದಕ್ಕೆ ಈಗಿನ ಕಾರುಗಳಂತೆ ಸುರುಳಿ ಸ್ಪ್ರಿಂಗ್ ಇಲ್ಲ. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ನಾಲ್ಕೂ ಚಕ್ರಗಳಿಗೆ ಕೊಟ್ಟಿದ್ದಾರೆ. ಮೆಕ್ಯಾನಿಕರು ಪಟ್ಟಾ ಅನ್ನುತ್ತಾರೆ, ಅಬ್ಬಾ ಉರ್ದುವಿನಲ್ಲಿ ಕಮಾನಿ ಅನ್ನುತ್ತಾರೆ. ಕಮಾನ್ ಎಂದರೆ ಬಿಲ್ಲು. ಕನ್ನಡದ ಕಮಾನೂ ಅದೇ ಪದ. ನಮ್ಮ ಗಾಡಿಯ ಕಮಾನುಗಳು ಮಾತ್ರ ಬಾಗುವುದನ್ನೇ ಮರೆತು ಚಪ್ಪಟೆಯಾಗಿದ್ದವು. ಮಳೆ, ಉಪ್ಪುಗಾಳಿಗೆ ತುಕ್ಕು ಹಿಡಿದು ಎಡಗಡೆಯ ಒಂದು ಪಟ್ಟಿ ಬಿರುಕು ಬಿಟ್ಟಿತ್ತು. ಒಂದೇ ಕಡೆ ಹೊಸದು ಹಾಕಿದರೆ ಗಾಡಿ ವಾಲುತ್ತದೆಂದು ಅಬ್ಬಾ ಎರಡನ್ನೂ ತಂದರು.

ಹಿಂದಿನ ರಾತ್ರಿಯೇ ನಟ್ಟುಗಳಿಗೆ ಎಣ್ಣೆ ಬಿಟ್ಟೆವು. ಬೆಳಿಗ್ಗೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್‌ನಿಂದ ಎತ್ತಿ, ಚಾಸಿಯ ಕೆಳಗೆ ಸ್ಟ್ಯಾಂಡ್ ಇಟ್ಟೆವು. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಹೋಗಬಾರದು ಎಂಬುದು ಅಬ್ಬಾ ಕಲಿಸಿದ ಮೊದಲ ಪಾಠ. ಬ್ರೇಕ್ ಪೈಪ್ ಜಗ್ಗದಂತೆ ಆಕ್ಸಲ್‌ಗೆ ಇನ್ನೊಂದು ಜಾಕ್ ಕೊಟ್ಟೆವು. ಪ್ರತಿ ಕಮಾನನ್ನು ಆಕ್ಸಲ್‌ಗೆ ಹಿಡಿದಿಡುವುದು ಎರಡು ಯು-ಬೋಲ್ಟ್, ನಾಲ್ಕು ನಟ್ಟು. ಎರಡೂ ಕಡೆ ಸೇರಿ ಎಂಟು.

ಬಲಗಡೆ ಮುಗಿದು ಎಡಗಡೆಯ ಕೆಲಸ ನಡೆಯುವಾಗ ಮಗ್ರಿಬ್ ಆಜಾನ್ ಆಯಿತು. ಉಳಿದ ನಟ್ಟುಗಳನ್ನು ಬಿಗಿ ಮಾಡಲು ನನಗೆ ಹೇಳಿ ಅಬ್ಬಾ ಮಸೀದಿಗೆ ಹೋದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಮೊಬೈಲ್ ಬೆಳಕಿನಲ್ಲಿ ಕೆಲಸ ಮಾಡಿದೆ. ಅವರು ಬಂದು "ಎಲ್ಲ ಆಯ್ತಾ?" ಎಂದಾಗ "ಆಯ್ತು" ಎಂದೆ. ಎಣಿಸಿ ನೋಡಿರಲಿಲ್ಲ.

ಮರುದಿನ ಹುಬ್ಬಳ್ಳಿಯಿಂದ ಬಂದ ನೆಂಟರನ್ನು ಓಂ ಬೀಚ್‌ಗೆ ಕರೆದುಕೊಂಡು ಹೊರಟೆವು. ಹಿಂದಿನ ಸೀಟಿನಲ್ಲಿ ನನ್ನ ಜೊತೆ ಮೂವರು ಚಿಕ್ಕ ಮಕ್ಕಳು. ಸಾಣಿಕಟ್ಟಾದ ಉಪ್ಪಿನ ಗದ್ದೆಗಳನ್ನು ದಾಟಿದ ಮೇಲೆ ರಸ್ತೆಯ ಉಬ್ಬೊಂದರಲ್ಲಿ ಎಡಗಡೆಯಿಂದ 'ಟಕ್' ಎಂಬ ಸದ್ದು ಬಂತು. ಮುಂದಿನ ಉಬ್ಬಿನಲ್ಲಿ ಮತ್ತೆ. ಮಕ್ಕಳ ಗಲಾಟೆಯಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ. ನನಗೆ ಮಾತ್ರ ಅರ್ಥವಾಯಿತು. ಆದರೆ ಈ ಕೆಲಸ ನಾನೇ ಮಾಡಿದ್ದೆಂದು ಬೆಳಿಗ್ಗೆಯಷ್ಟೇ ನೆಂಟರ ಮುಂದೆ ಹೇಳಿಕೊಂಡಿದ್ದೆ. ಬಾಯಿ ಬರಲಿಲ್ಲ.

ಗೋಕರ್ಣ ಬಂತು. ಗುಡ್ಡದ ರಸ್ತೆ ಹತ್ತಿದೆವು. ಇನ್ನು ಸಮುದ್ರದ ಕಡೆಗೆ ಇಳಿಜಾರು. ಆ ನಟ್ಟು ಸಡಿಲವಾಗಿದ್ದರೆ ಬ್ರೇಕ್ ಒತ್ತಿದಾಗ ಆಕ್ಸಲ್ ಜಾಗ ಬಿಟ್ಟು ಸರಿಯಬಹುದು. ನನ್ನ ತೊಡೆಯ ಮೇಲೆ ನಾಲ್ಕು ವರ್ಷದ ಹುಡುಗಿ ಕುಳಿತಿದ್ದಳು.

"ಅಬ್ಬಾ, ನಿಲ್ಲಿಸಿ" ಎಂದೆ.

ಕೆಳಗೆ ಮಲಗಿ ನೋಡಿದರೆ ಎಡಗಡೆಯ ಎರಡು ನಟ್ಟು ಬೆರಳಿಗೇ ತಿರುಗುತ್ತಿದ್ದವು. ಆಕ್ಸಲ್ ಇನ್ನೂ ಸರಿದಿರಲಿಲ್ಲ. ಅಬ್ಬಾ ಸ್ಪ್ಯಾನರ್ ತಂದು ಎಂಟನ್ನೂ ತಾವೇ ಬಿಗಿ ಮಾಡಿದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ ಕೇಳಿದರು: "ನಟ್ಟು ಮರೆಯೋದು ಯಾರಿಗಾದರೂ ಆಗುತ್ತೆ. ಸದ್ದು ಕೇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿದ್ದೆ?"

"ಸಾಣಿಕಟ್ಟಾದಿಂದ" ಎಂದೆ. ಅವರು ಮತ್ತೇನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಓಂ ಬೀಚ್‌ನಲ್ಲಿ ಎರಡು ಅರ್ಧಚಂದ್ರಗಳು ಸೇರಿದಂತೆ ಕಾಣುವ ದಂಡೆಯ ಮೇಲೆ ಮಕ್ಕಳು ಓಡಾಡಿದರು. ನಾನು ಮೆಟ್ಟಿಲ ಮೇಲೆ ಕುಳಿತು ಅವರನ್ನೇ ನೋಡುತ್ತಿದ್ದೆ.

ನಮ್ಮ ಅಕೌಂಟೆನ್ಸಿ ತರಗತಿಯಲ್ಲಿ ಒಂದು ಮಾತು ಕಲಿತಿದ್ದೇವೆ. ತಾಳೆಪಟ್ಟಿಯ ಎರಡೂ ಕಡೆ ಸರಿಹೊಂದಿದ ಮಾತ್ರಕ್ಕೆ ಲೆಕ್ಕ ಸರಿ ಎನ್ನಲಾಗದು. ಒಂದು ವ್ಯವಹಾರವನ್ನು ಬರೆಯದೇ ಬಿಟ್ಟಿದ್ದರೆ ಡೆಬಿಟ್ಟೂ ಇಲ್ಲ, ಕ್ರೆಡಿಟ್ಟೂ ಇಲ್ಲ, ಪಟ್ಟಿ ಸುಮ್ಮನೆ ತಾಳೆಯಾಗುತ್ತದೆ. ಪರೀಕ್ಷೆಗೆಂದು ಓದಿದ್ದ ಇದರ ಅರ್ಥ ಅಂದು ತಿಳಿಯಿತು. ಬಿಟ್ಟುಹೋದದ್ದು ಬಿಟ್ಟವನಿಗೆ ಮಾತ್ರ ಗೊತ್ತಿರುತ್ತದೆ. ಅವನು ಹೇಳಬೇಕು, ಬೇಗ ಹೇಳಬೇಕು. ಗಾಡಿಯಲ್ಲಿ ಕುಳಿತವರ ಜೀವ ಅವನ ಕೈಯಲ್ಲಿರುವ ಅಮಾನತ್ತು.

ಈಗ ಬಿಗಿ ಮಾಡಿದ ಪ್ರತಿ ನಟ್ಟಿಗೂ ಬಿಳಿ ಬಣ್ಣದ ಒಂದು ಗೆರೆ ಎಳೆಯುತ್ತೇನೆ. ಎಂಟು ಗೆರೆ ಎಣಿಸಿದ ಮೇಲೆಯೇ "ಆಯ್ತು" ಎನ್ನುತ್ತೇನೆ.