ಯೂರಿಯಾ ಉಂಡ ಸೋಯಾ

ಬೀದರಿನ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರದ ಮೇಷ್ಟ್ರು. ದ್ವಿದಳ ಗಿಡದ ಬೇರಿನ ಗಂಟುಗಳನ್ನು ಕಣ್ಣು ಮುಚ್ಚಿಕೊಂಡೇ ಹಲಗೆಯ ಮೇಲೆ ಬರೆಯಬಲ್ಲೆ. ಭಾಲ್ಕಿ ಹತ್ತಿರದ ಎರಿ ಹೊಲ ಅಪ್ಪನ ನಂತರ ನನ್ನ ಪಾಲಿಗೆ ಬಂದಾಗ ಅದೇ ಧೈರ್ಯದಲ್ಲಿ ಸೋಯಾ ಬಿತ್ತಿಸಿದೆ. ಜೋಳ, ತೊಗರಿ ಬಿಟ್ಟರೆ ಬೇರೇನೂ ಕಂಡ ಹೊಲವಲ್ಲ ಅದು.

ರೈಜೋಬಿಯಂ ಬ್ಯಾಕ್ಟೀರಿಯಾದ ಪೊಟ್ಟಣ ತಂದಿದ್ದೆ. ಅದನ್ನು ಬೆಲ್ಲದ ನೀರಲ್ಲಿ ಕಲಸಿ, ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಬೇಕು ಎಂದು ತರಗತಿಯಲ್ಲಿ ಹೇಳುವವನೂ ನಾನೇ. ಆದರೆ ಪೊಟ್ಟಣ ಬಿಸಿಲಲ್ಲಿ ನಿಂತ ಕಾರಿನೊಳಗೆ ದಿನವಿಡೀ ಬಿದ್ದಿತ್ತು. ಒಳಗಿನ ಜೀವಗಳು ಬೆಂದಿರಬಹುದು ಎಂದು ಹೊಳೆಯಲಿಲ್ಲ. ಮೇಲಾಗಿ, ಪಕ್ಕದ ಹೊಲ ನನ್ನದಕ್ಕಿಂತ ಹಸಿರು ಕಂಡಿತೆಂದು ಯೂರಿಯಾ ಚೆಲ್ಲಿಸಿದೆ. ಸಾಲದೆಂದು ಮತ್ತೆ ಚೆಲ್ಲಿಸಿದೆ. ಬೆಳೆ ಹೆಂಗ ಎದ್ದಿತು ಅಂತೀರಿ! ಸೊಂಟದೆತ್ತರ, ಕಡುಹಸಿರು. ಉಬ್ಬಿಹೋಗಿ, ಬೇರಿನ ಗಂಟು ತೋರಿಸುತ್ತೇನೆಂದು ವಿದ್ಯಾರ್ಥಿಗಳನ್ನು ಕರೆದೊಯ್ದೆ.

ಕಿತ್ತ ಗಿಡದ ಬೇರು ಬೋಳಾಗಿತ್ತು. ಇನ್ನೊಂದು ಕಿತ್ತೆ. ಬೇರೆ ಸಾಲಿಗೆ ಹೋದೆ. "ಸರ್, ಇದು ದ್ವಿದಳಾನೇ ಏನ್ರಿ?" ಎಂದ ಒಬ್ಬ. ಯಾರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಎರಿ ಮಣ್ಣು ಜಿಗುಟು, ಗಂಟು ನೆಲದಲ್ಲೇ ಉಳಿದಿರುತ್ತವೆ ಎಂದು ಸಮಜಾಯಿಷಿ ಕೊಟ್ಟೆ. ಪಾಪ, ನಂಬಿದ ಹುಡುಗನೊಬ್ಬ ಸಲಿಕೆ ತಂದು ಗಿಡವನ್ನು ಮಣ್ಣುಸಮೇತ ಎತ್ತಿ, ಕೊಡದ ನೀರಲ್ಲಿ ನಿಧಾನಕ್ಕೆ ತೊಳೆದು ನನ್ನ ಕೈಗಿಟ್ಟ. ಅದೂ ಬೋಳು.

ಔರಾದಿನ ಕಾಕಾ ಸುದ್ದಿ ಕೇಳಿ ಅಂದರು: "ತಮ್ಮಾ, ಕೂತಲ್ಲೇ ಊಟ ಬರ್ತಿದ್ರ ಯಾರರೆ ಅಡಿಗಿಯವ್ರನ್ನ ಇಟ್ಕೋತಾರೇನು?"

ನನ್ನ ಪಾಠದಲ್ಲಿ ಇಲ್ಲದ್ದು ಇದೇ. ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ ಬದಲಿಗೆ ಸಕ್ಕರೆ ಕೇಳುತ್ತದೆ. ಮಣ್ಣಲ್ಲೇ ಸಾರಜನಕ ಧಾರಾಳವಾಗಿದ್ದರೆ ಗಿಡ ಆ ಖರ್ಚಿಗೆ ಇಳಿಯುವುದಿಲ್ಲ. ಈ ಸ್ನೇಹದ ಬುನಾದಿ ಸುಮಾರು 10 ಕೋಟಿ ವರ್ಷ ಹಿಂದಿನದು ಎನ್ನುತ್ತಾರೆ. ಆಮೇಲೆ ಎಷ್ಟೋ ಸಸ್ಯವಂಶಗಳು ಅದನ್ನು ಕೈಬಿಟ್ಟಿವೆ. ಬ್ಯಾಕ್ಟೀರಿಯಾವೂ ಇದ್ದಂತೆ ಇರುವುದಿಲ್ಲ. ಅಮೆರಿಕದ ಮಿಶಿಗನ್‌ನ ಕೆಲ್ಲಾಗ್ ಕೇಂದ್ರದಲ್ಲಿ 22 ವರ್ಷ ಸಾರಜನಕ ಗೊಬ್ಬರ ಉಂಡ ನೆಲದ ರೈಜೋಬಿಯಂಗಳು, ಗೊಬ್ಬರ ಕಾಣದ ನೆಲದವುಗಳಿಗಿಂತ ಕ್ಲೋವರ್ ಗಿಡಕ್ಕೆ ಕಡಿಮೆ ಉಪಕಾರಿಯಾಗಿದ್ದವು ಎಂಬ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದನ್ನು ಓದಿದಾಗ ನನ್ನ ಯೂರಿಯಾ ಚೀಲಗಳೇ ಕಣ್ಣ ಮುಂದೆ ಬಂದವು.

ಇನ್ನೊಂದು ಮಾತನ್ನೂ ಮರೆತಿದ್ದೆ. ತೊಗರಿ ಈ ನೆಲದ್ದೇ ಬೆಳೆ, ಅದಕ್ಕೆ ಬೇಕಾದ ಬ್ಯಾಕ್ಟೀರಿಯಾ ನಮ್ಮ ಮಣ್ಣಲ್ಲೇ ಉಂಟು. ಸೋಯಾ ಚೀನಾ ಕಡೆಯಿಂದ ಬಂದದ್ದು. ಹೊಸ ಹೊಲದಲ್ಲಿ ಅದರ ಜೊತೆಗಾರನನ್ನು ನಾವೇ ಜೀವಂತವಾಗಿ ಒಯ್ದು ಮುಟ್ಟಿಸಬೇಕು.

ರಾಶಿ ಮಾಡಿದಾಗ ಹೊಟ್ಟೇ ಹೆಚ್ಚು, ಕಾಳು ಕಡಿಮೆ. ಯೂರಿಯಾ ಮೇಲುಗೊಬ್ಬರ ಹಾಕದ ಕಾಕಾನ ಹೊಲ ನನ್ನದನ್ನು ಮೀರಿಸಿತು.

ಸೋಯಾ ಹಾಕಿದವರು ಬಿತ್ತಿ ಐದಾರು ವಾರಕ್ಕೆ ಒಂದು ಗಿಡವನ್ನು ಹುಷಾರಾಗಿ ಅಗೆದು, ಗಂಟು ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣವಿದ್ದರೆ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆ ಎಂದರ್ಥ, ಯೂರಿಯಾ ಚೀಲದ ಬಾಯಿ ಬಿಚ್ಚಬೇಡಿ.