ಎರವಲು ದನಿ

ಮುಚ್ಚಿದ ಬಾಗಿಲಿನ ಆಚೆಯಿಂದ ಹೆಣ್ಣುದನಿಯೊಂದು ಕೇಳಿಬರುತ್ತದೆ. ಕೇಳಿದವರು ಆಕೆ ಬದುಕಿದ್ದಾಳೆಂದೇ ನಂಬುತ್ತಾರೆ. ಆದರೆ ಒಳಗೆ ಆಕೆ ಆಗಲೇ ಹೆಣವಾಗಿದ್ದಾಳೆ. ಮಾತನಾಡಿದ್ದು ಕೊಲೆಗಾರ ಹಚ್ಚಿಟ್ಟ ಗ್ರಾಮಫೋನ್ ತಟ್ಟೆ. ಎಸ್. ಎಸ್. ವ್ಯಾನ್ ಡೈನ್ ಅವರ ಕಾದಂಬರಿಯನ್ನು ಆಧರಿಸಿ ಪ್ಯಾರಮೌಂಟ್ ಸಂಸ್ಥೆಯು 1929ರಲ್ಲಿ ತೆರೆಗೆ ತಂದ ‘ದಿ ಕ್ಯಾನರಿ ಮರ್ಡರ್ ಕೇಸ್’ ಎಂಬ ಪತ್ತೇದಾರಿ ಚಿತ್ರದ ಒಗಟು ಇದು.

ಈ ಚಿತ್ರದ ನಿರ್ಮಾಣದಲ್ಲಿಯೂ ಅಂಥದೇ ಒಂದು ಒಗಟು ಅಡಗಿದೆ. 1928ರಲ್ಲಿ ಇದನ್ನು ಮೂಕಿಚಿತ್ರವಾಗಿ ಚಿತ್ರಿಸಲಾಗಿತ್ತು. ‘ಕ್ಯಾನರಿ’ ಎಂಬ ಅಡ್ಡಹೆಸರಿನ, ಕೊಲೆಗೀಡಾಗುವ ರಂಗನಟಿಯ ಪಾತ್ರವನ್ನು ಲೂಯಿಸ್ ಬ್ರೂಕ್ಸ್ ವಹಿಸಿದ್ದರು. ಸಂಬಳ ಹೆಚ್ಚಿಸಲು ಸಂಸ್ಥೆ ಒಪ್ಪದಿದ್ದಾಗ ಅವರು ತಮ್ಮ ಪಾಲಿನ ಕೆಲಸ ಮುಗಿಸಿ ಬರ್ಲಿನ್ನಿಗೆ ತೆರಳಿ, ಜಿ. ಡಬ್ಲ್ಯೂ. ಪಾಬ್ಸ್ಟ್ ಅವರ ‘ಪಂಡೋರಾಸ್ ಬಾಕ್ಸ್’ ಚಿತ್ರದಲ್ಲಿ ಅಭಿನಯಿಸಿದರು. ಅಷ್ಟರಲ್ಲಿ ಅಮೆರಿಕದ ಪ್ರೇಕ್ಷಕರು ವಾಕ್ಚಿತ್ರಗಳಿಗೆ ಮನಸೋತಿದ್ದರು. ಸಿದ್ಧವಾಗಿದ್ದ ಮೂಕಿಗೆ ಮಾತು ಕೂಡಿಸಲು ಪ್ಯಾರಮೌಂಟ್ ನಿರ್ಧರಿಸಿ ಬ್ರೂಕ್ಸ್ ಅವರನ್ನು ಮರಳಿ ಕರೆಯಿತು. ಅವರು ಬರಲೊಪ್ಪಲಿಲ್ಲ. ಕೊನೆಗೆ ಮಾರ್ಗರೆಟ್ ಲಿವಿಂಗ್‌ಸ್ಟನ್ ಎಂಬ ಇನ್ನೊಬ್ಬ ನಟಿಯ ದನಿಯನ್ನು ಅವರ ತುಟಿಗಳಿಗೆ ಜೋಡಿಸಲಾಯಿತು.

ಹೀಗೆ ಕಥೆಯೊಳಗೆ ಇಲ್ಲದವಳ ಪರವಾಗಿ ತಟ್ಟೆಯೊಂದು ಮಾತನಾಡಿದರೆ, ತೆರೆಯ ಮೇಲೆ ಬಾರದವರ ಪರವಾಗಿ ಮತ್ತೊಬ್ಬರು ಮಾತನಾಡಿದರು. ಪತ್ತೇದಾರ ಫೈಲೋ ವ್ಯಾನ್ಸ್ ಪಾತ್ರದ ವಿಲಿಯಂ ಪೊವೆಲ್ ಅವರಿಗೆ ಸ್ವಂತ ದನಿಯೇ ಹೊಸ ಯುಗದ ಬಾಗಿಲು ತೆರೆಯಿತು. ಬ್ರೂಕ್ಸ್ ಅವರ ಕಂಠ ವಾಕ್ಚಿತ್ರಕ್ಕೆ ಒಗ್ಗದೆಂಬ ಮಾತು ಮಾತ್ರ ಹಾಲಿವುಡ್ಡಿನಲ್ಲಿ ಹಬ್ಬಿತು. 1931ರ ‘ಗಾಡ್ಸ್ ಗಿಫ್ಟ್ ಟು ವಿಮೆನ್’ ಚಿತ್ರದಲ್ಲಿ ಅವರು ತಮ್ಮದೇ ದನಿಯಲ್ಲಿ ಮಾತನಾಡಿದರು. ಆ ದನಿಯಲ್ಲಿ ಯಾವ ಊನವೂ ಇಲ್ಲ. ಆದರೂ ಕಳೆದುಹೋದ ಸ್ಥಾನ ಮರಳಲಿಲ್ಲ. ಕೇಳದ ದನಿಯ ಕುರಿತು ಹೊರಟ ತೀರ್ಪು, ಕೇಳಿದ ದನಿಗಿಂತ ಗಟ್ಟಿಯಾಗಿತ್ತು.

ಅವರ ನಿಜವಾದ ಮಾತು ಬಹುಕಾಲದ ನಂತರ ಬರಹವಾಗಿ ಬಂತು. 1982ರಲ್ಲಿ ಪ್ರಕಟವಾದ ‘ಲುಲು ಇನ್ ಹಾಲಿವುಡ್’ ಎಂಬ ಪ್ರಬಂಧಸಂಕಲನದಲ್ಲಿ ಅವರು ತಮ್ಮ ಕಾಲವನ್ನೂ ತಮ್ಮನ್ನೂ ನಿರ್ದಾಕ್ಷಿಣ್ಯವಾಗಿ ನೋಡಿಕೊಂಡರು. ಅಲ್ಲಿ ಎರವಲು ದನಿ ಇಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಹಳೆಯ ಚಿತ್ರ ಒಂದು ಎಚ್ಚರವನ್ನು ಕಲಿಸೀತು. ಶಾಸನವಿರಲಿ, ಲಾವಣಿಯಿರಲಿ, ಕಾದಂಬರಿಯಿರಲಿ, ಅದರಲ್ಲಿ ಒಬ್ಬರ ಹೆಸರಿನಲ್ಲಿ ಕೇಳಿಬರುವ ಮಾತು ಅವರದೇ ಆಗಿರಬೇಕೆಂದಿಲ್ಲ. ಬಾಗಿಲ ಹೊರಗೆ ನಿಂತವರು ದನಿ ಕೇಳಿ ತೃಪ್ತರಾದರು. ವ್ಯಾನ್ಸ್ ಒಳಗೆ ಹೋಗಿ ತಟ್ಟೆಯನ್ನು ಇನ್ನೊಮ್ಮೆ ಹಚ್ಚಿ ಕೇಳಿದ. ಸತ್ಯ ಹೊರಬಿದ್ದುದು ಆಗಲೇ.